ಮನಸ್ಸಿನ ಮೇಷ್ಟರುಗಳ ಬಯೋಡಾಟಾ

ಬಯೋಡಾಟಾ ಕೂಡ ಒಂದು ಸಾಹಿತ್ಯ ಪ್ರಕಾರ ಎಂದರೆ ನಮ್ಮ ವಿಮರ್ಶಕರು ನಗಬಹುದು. ಆದರೆ ಕತೆ ಬರೆಯುವ ನಮಗೆ ಅದನ್ನು ಹಾಗೆಯೇ ಓದುವ ಚಟ. ಅದರಲ್ಲಿ ಒಬ್ಬ ನಾಯಕನಿದ್ದಾನೆ. ಅವನು ಓದುತ್ತಾನೆ, ಪದವಿ ಪಡೆಯುತ್ತಾನೆ, ಬಡ್ತಿ ಪಡೆಯುತ್ತಾನೆ, ಪ್ರಶಸ್ತಿ ಪಡೆಯುತ್ತಾನೆ, ಕೊನೆಗೆ ನಿವೃತ್ತನಾಗುತ್ತಾನೆ. ಎಲ್ಲಿಯೂ ಎಡವುವುದಿಲ್ಲ. ಅವನ ಲೇಖನಗಳ ಪಟ್ಟಿ ಹತ್ತು ಪುಟ ಇರುತ್ತದೆ. ಆದರೆ ಆ ಲೇಖನಗಳಿಗಾಗಿ ಯಾರು ರಾತ್ರಿ ಎದ್ದು ಕೂತರು, ಯಾರ ಮೇಲೆ ಪ್ರಯೋಗ ನಡೆಯಿತು, ಯಾರ ಹೆಸರು ಬಿಟ್ಟುಹೋಯಿತು ಎಂಬುದಕ್ಕೆ ಒಂದು ಗೆರೆಯೂ ಇರುವುದಿಲ್ಲ.

ಎಂಜಿನಿಯರಿಂಗ್ ಪ್ರೊಫೆಸರರ ವಿಷಯದಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಮನಶ್ಶಾಸ್ತ್ರದ ಪ್ರೊಫೆಸರರ ವಿಷಯದಲ್ಲಿ ಸಹಿಸಿಕೊಳ್ಳುವುದು ಕಷ್ಟ. ಮನುಷ್ಯನ ಒಳಗನ್ನು ತಿಳಿಯುವುದೇ ಕಸುಬಾದವರು ತಮ್ಮ ಬದುಕನ್ನು ಒಳಗೇ ಇಲ್ಲದಂತೆ ಬರೆದುಕೊಳ್ಳಬೇಕಾಗಿ ಬಂದದ್ದು ಹೇಗೆ? ನಾವು ಓದಿದ ಉರ್ದು ಶಾಲೆಯಲ್ಲಿ ಈ ಶಾಸ್ತ್ರಕ್ಕೆ ನಫ್ಸಿಯಾತ್ ಎನ್ನುತ್ತಿದ್ದರು. ನಫ್ಸ್ ಎಂದರೆ ಒಳಗಿನ ‘ತಾನು’, ಹಟ ಹಿಡಿಯುವ, ಆಸೆಪಡುವ, ಅಂಜುವ ‘ತಾನು’. ವಿಶ್ವವಿದ್ಯಾಲಯದ ವೃತ್ತಿಜೀವನ ಆ ‘ತಾನು’ವನ್ನು ಏನು ಮಾಡುತ್ತದೆ ಎಂಬುದು ನಮ್ಮ ಪ್ರಶ್ನೆ. ಉತ್ತರ ಹುಡುಕಲು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಆ ದೇಶದಲ್ಲಿ ಈ ಶಾಸ್ತ್ರದ ಕತೆ ಬಹುಮಟ್ಟಿಗೆ ಅಲ್ಲಿಂದಲೇ ಶುರುವಾಗುತ್ತದೆ. ಅಲ್ಲಿನವರ ಬದುಕಿನ ವಿವರಗಳು ಪುಸ್ತಕಗಳಲ್ಲಿಯೂ ಪತ್ರಾಗಾರಗಳಲ್ಲಿಯೂ ಧಾರಾಳವಾಗಿ ದೊರೆಯುತ್ತವೆ.

ಮೊದಲು ಅಲ್ಲಿನ ಏಣಿ ಎಂಥದು ಎಂದು ಹೇಳಬೇಕು. ಪಾಠ ಹೇಳುವುದಕ್ಕಿಂತ ಹೊಸ ಜ್ಞಾನವನ್ನು ಉತ್ಪಾದಿಸುವುದೇ ಮುಖ್ಯ ಎನ್ನುವ ಸಂಶೋಧನಾ ವಿಶ್ವವಿದ್ಯಾಲಯ ಜರ್ಮನಿಯಿಂದ ಅಮೆರಿಕಕ್ಕೆ ಬಂದ ಮಾದರಿ. 1876ರಲ್ಲಿ ಶುರುವಾದ ಜಾನ್ಸ್ ಹಾಪ್‌ಕಿನ್ಸ್ ಅದರ ಮೊದಲ ದೊಡ್ಡ ಉದಾಹರಣೆ. ಅಲ್ಲಿ ಮೊದಲು ಅಸಿಸ್ಟೆಂಟ್ ಪ್ರೊಫೆಸರ್, ಆಮೇಲೆ ಅಸೋಸಿಯೇಟ್, ಆಮೇಲೆ ಪೂರ್ಣ ಪ್ರೊಫೆಸರ್. ನಡುವೆ ‘ಟೆನ್ಯೂರ್’ ಎಂಬ ಬಾಗಿಲು. ಅದನ್ನು ದಾಟಿದರೆ ಖಾಯಂ. ಗಂಭೀರ ಕಾರಣವಿಲ್ಲದೆ ತೆಗೆದುಹಾಕುವಂತಿಲ್ಲ. 1940ರಲ್ಲಿ ಅಲ್ಲಿನ ಪ್ರಾಧ್ಯಾಪಕರ ಸಂಘ ಒಪ್ಪಿಸಿದ ಸೂತ್ರದ ಪ್ರಕಾರ ಕಾಯುವ ಅವಧಿ ಏಳು ವರ್ಷ ಮೀರಬಾರದು. ಅಷ್ಟರಲ್ಲಿ ಬಾಗಿಲು ತೆರೆಯದಿದ್ದರೆ ಗಂಟುಮೂಟೆ ಕಟ್ಟಬೇಕು. ನಮ್ಮ ಸರ್ಕಾರಿ ಕಾಲೇಜಿನಲ್ಲಿ ನೇಮಕಾತಿ ಆದೇಶ ಕೈಗೆ ಬಂದ ದಿನವೇ ಮನೆಯಲ್ಲಿ ಸಿಹಿ ಹಂಚುತ್ತಾರೆ. ಅಲ್ಲಿ ಏಳು ವರ್ಷ ಕಾಯಬೇಕು. ಹತ್ತು ಹದಿನೈದು ವರ್ಷ ಅತಿಥಿ ಉಪನ್ಯಾಸಕರಾಗಿಯೇ ಇರುವ ನಮ್ಮ ಸಾವಿರಾರು ಮಂದಿಗೆ ಈ ಏಳು ವರ್ಷದ ಲೆಕ್ಕವೂ ಐಷಾರಾಮವಾಗಿ ಕಂಡೀತು, ಅದು ಬೇರೆ ಮಾತು.

ಈ ವಿಭಾಗದ ಮೂಲಪುರುಷ ವಿಲಿಯಂ ಜೇಮ್ಸ್. ಇವರ ಬಯೋಡಾಟಾವನ್ನು ಇಂದಿನ ಯಾವ ಆಯ್ಕೆ ಸಮಿತಿಯ ಮುಂದೆ ಇಟ್ಟರೂ ಮೊದಲ ಸುತ್ತಿನಲ್ಲಿಯೇ ತಿರಸ್ಕೃತವಾಗುತ್ತದೆ. ಅವರಿಗೆ ಪಿಎಚ್.ಡಿ. ಇರಲಿಲ್ಲ. ಇದ್ದದ್ದು 1869ರಲ್ಲಿ ಪಡೆದ ವೈದ್ಯಕೀಯ ಪದವಿ ಒಂದೇ. ವೈದ್ಯಕೀಯವನ್ನು ಅವರು ಎಂದೂ ಮಾಡಲಿಲ್ಲ. ಯೌವನದ ಹಲವು ವರ್ಷಗಳನ್ನು ಖಿನ್ನತೆಯಲ್ಲಿ ಕಳೆದರು. ಶರೀರಶಾಸ್ತ್ರ ಕಲಿಸಲು ಸೇರಿ, 1875ರಲ್ಲಿ ಮನಶ್ಶಾಸ್ತ್ರದ ಪಾಠ ಆರಂಭಿಸಿ, ತತ್ವಶಾಸ್ತ್ರದ ಪ್ರೊಫೆಸರ್ ಆಗಿ, 1889ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎನಿಸಿಕೊಂಡು, 1897ರಲ್ಲಿ ಮತ್ತೆ ತತ್ವಶಾಸ್ತ್ರಕ್ಕೆ ಮರಳಿದರು. 1878ರಲ್ಲಿ ಪ್ರಕಾಶಕರೊಂದಿಗೆ ಕರಾರು ಮಾಡಿಕೊಂಡು ಎರಡು ವರ್ಷದಲ್ಲಿ ಕೊಡುತ್ತೇನೆಂದ ಪುಸ್ತಕ ‘ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ’ ಹೊರಬಂದದ್ದು 1890ರಲ್ಲಿ. ಹನ್ನೆರಡು ವರ್ಷ! ಆ ಹನ್ನೆರಡು ವರ್ಷದ ತಡದಿಂದ ಜಗತ್ತಿಗೆ ಏನು ಸಿಕ್ಕಿತು ಎಂಬುದಕ್ಕೆ ಕನ್ನಡದವರಿಗೆ ಒಂದು ಸಾಕ್ಷಿ ಸಾಕು. ನವ್ಯರ ಕಾಲದಲ್ಲಿ ನಮ್ಮ ಕತೆಗಾರರೂ ವಿಮರ್ಶಕರೂ ಬಾಯಿತುಂಬ ಬಳಸಿದ ‘ಪ್ರಜ್ಞಾಪ್ರವಾಹ’ ಎಂಬ ಮಾತಿನ ಹಿಂದಿರುವ ರೂಪಕ ಆ ಪುಸ್ತಕದ್ದು. ವಿಲಿಯಂ ಅವರ ತಮ್ಮ ಹೆನ್ರಿ ಜೇಮ್ಸ್ ಕಾದಂಬರಿಕಾರ. ಒಂದೇ ಮನೆಯಲ್ಲಿ ಒಬ್ಬ ಮನಸ್ಸಿನ ಬಗ್ಗೆ ಕಾದಂಬರಿ ಬರೆದ, ಇನ್ನೊಬ್ಬ ಕಾದಂಬರಿಯಂತೆ ಓದಿಸಿಕೊಳ್ಳುವ ಮನಶ್ಶಾಸ್ತ್ರ ಬರೆದ.

1903ರಲ್ಲಿ ಜೇಮ್ಸ್ ಪಿಎಚ್.ಡಿ. ವ್ಯಾಮೋಹವನ್ನು ಅಷ್ಟಪಾದಿಗೆ ಹೋಲಿಸಿ ಒಂದು ಲೇಖನ ಬರೆದರು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಪ್ರತಿಭಾವಂತ ತರುಣನೊಬ್ಬನನ್ನು ಬೇರೊಂದು ಕಾಲೇಜು ಇಂಗ್ಲಿಷ್ ಸಾಹಿತ್ಯ ಕಲಿಸಲು ನೇಮಿಸಿಕೊಂಡಿತು. ಆಮೇಲೆ ಆಡಳಿತದವರಿಗೆ ಆತನ ಹೆಸರಿನ ಮುಂದೆ ಆ ಮೂರು ಅಕ್ಷರ ಇಲ್ಲದಿರುವುದು ಗೊತ್ತಾಯಿತು. ಕೂಡಲೆ ಪಡೆದುಕೊಂಡು ಬಾ ಎಂದು ತಾಕೀತು ಮಾಡಿದರು. ಆತ ಕಲಿಸುವುದು ಸಾಹಿತ್ಯ, ಪ್ರಬಂಧ ಬರೆಯಬೇಕಾದದ್ದು ತತ್ವಶಾಸ್ತ್ರದಲ್ಲಿ. ಅದರಿಂದ ಪಾಠಕ್ಕೆ ಏನು ಲಾಭ ಎಂದು ಕೇಳಿದರೆ ಉತ್ತರವಿಲ್ಲ. ಕಾಲೇಜಿನ ಕೈಪಿಡಿಯಲ್ಲಿ ಹೆಸರುಗಳ ಪಟ್ಟಿ ಚೆಂದ ಕಾಣಬೇಕಿತ್ತು, ಅಷ್ಟೆ. ಇದನ್ನು ಓದುವಾಗ ನೂರು ವರ್ಷದ ಹಿಂದಿನ ಅಮೆರಿಕದ ಸುದ್ದಿ ಎಂದು ನಮಗೆ ಅನ್ನಿಸುವುದೇ ಇಲ್ಲ. 2010ರಲ್ಲಿ ಯುಜಿಸಿ ನಮ್ಮ ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಗಳ ಲೆಕ್ಕವನ್ನು ತಂದಿತು. ಲೇಖನಕ್ಕೆ ಇಷ್ಟು ಅಂಕ, ಸೆಮಿನಾರಿಗೆ ಇಷ್ಟು ಅಂಕ. ಅಂಕ ಬೇಕಾದವರಿಗೆ ದುಡ್ಡು ತೆಗೆದುಕೊಂಡು ಲೇಖನ ಅಚ್ಚುಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. 2018ರ ಮೇ ತಿಂಗಳಲ್ಲಿ ಅದೇ ಯುಜಿಸಿ ತಾನು ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕಿತ್ತುಹಾಕಬೇಕಾಯಿತು. ಅವುಗಳಲ್ಲಿ ಬರೆದು ಬಡ್ತಿ ಪಡೆದವರ ಕುರ್ಚಿಗಳು ಇದ್ದಲ್ಲಿಯೇ ಇದ್ದವು.

ಜೇಮ್ಸ್ ಅವರ ತರಗತಿಗೆ 1890ರಲ್ಲಿ ಬಂದ ಒಬ್ಬ ವಿದ್ಯಾರ್ಥಿನಿಯ ಕತೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೇರಿ ವಿಟನ್ ಕಾಲ್ಕಿನ್ಸ್ ಆಗ ವೆಲ್ಸ್‌ಲಿ ಎಂಬ ಮಹಿಳಾ ಕಾಲೇಜಿನಲ್ಲಿ ಗ್ರೀಕ್ ಕಲಿಸುತ್ತಿದ್ದರು. ಕಾಲೇಜು ಅವರಿಗೆ ಮನಶ್ಶಾಸ್ತ್ರ ಕಲಿತು ಬಂದು ಅದನ್ನು ಕಲಿಸು ಎಂದಿತು. ಹಾರ್ವರ್ಡ್ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ತಂದೆ ಅರ್ಜಿ ಬರೆದರು, ಕಾಲೇಜಿನ ಅಧ್ಯಕ್ಷರು ಪತ್ರ ಬರೆದರು. ಕೊನೆಗೆ ಪಾಠ ಕೇಳಬಹುದು, ಆದರೆ ವಿದ್ಯಾರ್ಥಿ ಎಂದು ದಾಖಲಾಗುವಂತಿಲ್ಲ ಎಂಬ ಷರತ್ತಿನ ಮೇಲೆ ಬಾಗಿಲು ಅರ್ಧ ತೆರೆಯಿತು. ಜೇಮ್ಸ್ ಅವರ ಆ ತರಗತಿಯಲ್ಲಿ ಹೆಸರು ಕೊಟ್ಟಿದ್ದ ಗಂಡಸರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಉಳಿದವರು ಇಬ್ಬರೇ, ಗುರು ಮತ್ತು ಆಕೆ. ಲೈಬ್ರರಿಯ ಬೆಂಕಿಗೂಡಿನ ಎರಡು ಬದಿಗೆ ಕೂತು ಪಾಠ ನಡೆಯಿತೆಂದು ಕಾಲ್ಕಿನ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಪ್ರಜ್ಞಾಪ್ರವಾಹದ ಆ ಮಹಾಗ್ರಂಥ ಅಚ್ಚಿನ ಮನೆಯಿಂದ ಆಗಷ್ಟೇ ಬಂದಿತ್ತು. ಅದನ್ನು ಬರೆದವರ ಬಾಯಿಂದಲೇ ಕೇಳುವ ಭಾಗ್ಯ ಪಡೆದದ್ದು ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಒಬ್ಬ ಹೆಂಗಸು.

ಕಾಲ್ಕಿನ್ಸ್ 1891ರಲ್ಲಿ ವೆಲ್ಸ್‌ಲಿಯಲ್ಲಿ ಪ್ರಯೋಗಾಲಯ ತೆರೆದರು. ಮತ್ತೆ ಹಾರ್ವರ್ಡಿಗೆ ಬಂದು ಹ್ಯೂಗೊ ಮುನ್ಸ್ಟರ್‌ಬರ್ಗ್ ಅವರಲ್ಲಿ ನೆನಪಿನ ಶಕ್ತಿಯ ಕುರಿತು ಸಂಶೋಧನೆ ಮಾಡಿದರು. ಒಂದು ಅಂಕಿಯನ್ನು ಒಂದು ಬಣ್ಣದ ಜೊತೆ ತೋರಿಸಿ, ಆಮೇಲೆ ಬಣ್ಣ ಮಾತ್ರ ತೋರಿಸಿ ಅಂಕಿ ಯಾವುದೆಂದು ಕೇಳುವ, ಜೋಡಿಗಳ ಮೂಲಕ ನೆನಪನ್ನು ಅಳೆಯುವ ಆ ವಿಧಾನ ಇಂದಿಗೂ ಮನಶ್ಶಾಸ್ತ್ರದ ವಿದ್ಯಾರ್ಥಿಗಳ ಪ್ರಾಯೋಗಿಕ ಪಾಠದಲ್ಲಿದೆ. 1895ರಲ್ಲಿ ಪ್ರೊಫೆಸರರೆಲ್ಲ ಕೂತು ಅನಧಿಕೃತವಾಗಿ ವೈವಾ ನಡೆಸಿದರು. ಡಾಕ್ಟರೇಟಿಗೆ ಬೇಕಾದದ್ದೆಲ್ಲವನ್ನೂ ಈಕೆ ಪೂರೈಸಿದ್ದಾರೆ ಎಂದು ಒಮ್ಮತದಿಂದ ಹೇಳಿದರು. ಹಾರ್ವರ್ಡ್ ಪದವಿ ಕೊಡಲಿಲ್ಲ. ಕಾರಣ ಹೆಣ್ಣು ಎಂಬುದೊಂದೇ.

1902ರಲ್ಲಿ ಒಂದು ರಾಜಿ ಸೂತ್ರ ಬಂತು. ಹಾರ್ವರ್ಡ್ ಪಕ್ಕದ ಹೆಣ್ಣುಮಕ್ಕಳ ಕಾಲೇಜು ರ‍್ಯಾಡ್‌ಕ್ಲಿಫ್ ಹೆಸರಿನಲ್ಲಿ ಡಾಕ್ಟರೇಟ್ ಕೊಡುತ್ತೇವೆ, ತೆಗೆದುಕೊಳ್ಳಿ ಎಂದರು. ಕಾಲ್ಕಿನ್ಸ್ ಬೇಡವೆಂದರು. ಓದಿದ್ದು ಹಾರ್ವರ್ಡಿನಲ್ಲಿ, ಪದವಿ ಮಾತ್ರ ಬೇರೆ ಅಂಗಳದ್ದು ಏಕೆ? ಅವರ ವಾದ ಇಷ್ಟೇ ಸರಳವಾಗಿತ್ತು. 1905ರಲ್ಲಿ ಅವರು ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾದರು, ಆ ಗಾದಿಯಲ್ಲಿ ಕೂತ ಮೊದಲ ಮಹಿಳೆ. 1927ರಲ್ಲಿ ಹಾರ್ವರ್ಡಿನಲ್ಲಿ ಓದಿ ದೊಡ್ಡವರಾಗಿದ್ದ ಮನಶ್ಶಾಸ್ತ್ರಜ್ಞರು ಈಗಲಾದರೂ ಪದವಿ ಕೊಡಿ ಎಂದು ಮನವಿ ಮಾಡಿದರು. ಆಗಲೂ ಇಲ್ಲ. 1930ರಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ಹಿತ್ತಿಲ ಬಾಗಿಲಿಂದ ಕರೆದು ಪಂಕ್ತಿಯ ಹೊರಗೆ ಬಡಿಸುವುದನ್ನು ಕಂಡವರಿಗೆ ಈ ರ‍್ಯಾಡ್‌ಕ್ಲಿಫ್ ಪದವಿ ಏನೆಂದು ವಿವರಿಸಬೇಕಾಗಿಲ್ಲ. ಅದನ್ನು ಬೇಡವೆಂದದ್ದು ಕಾಲ್ಕಿನ್ಸ್ ಅವರ ವೃತ್ತಿಜೀವನದ ಅತಿ ದೊಡ್ಡ ಸಂಗತಿ ಎಂಬುದು ನಮ್ಮ ಅಭಿಪ್ರಾಯ. ಬಯೋಡಾಟಾದಲ್ಲಿ ಅದನ್ನು ಯಾವ ತಲೆಬರಹದ ಕೆಳಗೆ ಬರೆಯುವುದು?

ಅವರ ಗುರು ಮುನ್ಸ್ಟರ್‌ಬರ್ಗ್ ಅವರಿಂದ ನಮ್ಮ ದೇಶಕ್ಕೂ ಒಂದು ಎಳೆ ಬಂದಿದೆ. ಹಾರ್ವರ್ಡಿನಲ್ಲಿ ಅವರ ಬಳಿ ಕಲಿತ ಎನ್.ಎನ್. ಸೇನ್‌ಗುಪ್ತ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ನಡೆಸಲು ತೊಡಗಿದರು. ಭಾರತದಲ್ಲಿ ಅದು ಮೊದಲನೆಯದು. ಅದರ ಬೆನ್ನಿಗೆ, 1924ರಲ್ಲಿ, ಮೈಸೂರಿನಲ್ಲಿ ವಿಭಾಗ ತೆರೆಯಿತು. ಇದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಕಲಿತದ್ದು ಮಾತ್ರ ಲಂಡನ್ನಿನಲ್ಲಿ, ಸ್ಪಿಯರ್‌ಮನ್ ಅವರ ಬಳಿ. 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಶುರುಮಾಡಿದವರೂ ಇವರೇ. ಆ ನಿಲಯಕ್ಕೆ ಇಟ್ಟಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಮನಶ್ಶಾಸ್ತ್ರದ ಮೇಷ್ಟರೊಬ್ಬರು ಊರಿನ ಜನರಿಗೆ ಹಾಡು, ಮಾತು ಕೇಳಿಸಿದ ಈ ಕೆಲಸಕ್ಕೆ ಎಪಿಐ ಲೆಕ್ಕದಲ್ಲಿ ಎಷ್ಟು ಅಂಕ ಸಿಗುತ್ತಿತ್ತೋ!

ಹಾರ್ವರ್ಡಿಗೆ ಮರಳೋಣ. ಕತೆಗಾರರು ಬಿ.ಎಫ್. ಸ್ಕಿನ್ನರ್ ಅವರ ಆತ್ಮಕತೆಯನ್ನು ಓದಬೇಕು. ಅದು ಮೂರು ಸಂಪುಟಗಳಲ್ಲಿದೆ. 1976, 1979 ಮತ್ತು 1983ರಲ್ಲಿ ಬಂದವು. ಇಲಿ ಮತ್ತು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ, ಮನುಷ್ಯನ ನಡತೆಯೆಲ್ಲ ಪರಿಣಾಮಗಳಿಂದ ರೂಪುಗೊಳ್ಳುತ್ತದೆ, ಒಳಗಿನ ‘ಮನಸ್ಸು’ ಎಂಬುದನ್ನು ಕಾರಣವಾಗಿ ಹೇಳಬೇಕಾಗಿಲ್ಲ ಎಂದ ಈ ಮಹಾಶಯ ಮೊದಲು ಆಗಬೇಕೆಂದಿದ್ದದ್ದು ಕತೆಗಾರ! ಕಾಲೇಜಿನ ದಿನಗಳಲ್ಲಿ ಕವಿ ರಾಬರ್ಟ್ ಫ್ರಾಸ್ಟ್ ಅವರಿಗೆ ತಮ್ಮ ಕತೆಗಳನ್ನು ಕಳುಹಿಸಿದರು. ಫ್ರಾಸ್ಟ್ ಮೆಚ್ಚಿ ಪತ್ರ ಬರೆದರು. 1926ರಲ್ಲಿ ಪದವಿ ಮುಗಿಸಿ, ಅಪ್ಪನ ಮನೆಯ ಅಟ್ಟದಲ್ಲಿ ಬರೆಯುವ ಕೋಣೆ ಮಾಡಿಕೊಂಡು ಕೂತರು. ಏನೂ ಬರಲಿಲ್ಲ. ತನಗೆ ಹೇಳಲು ಏನೂ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಅದನ್ನು ಅವರು ತಮ್ಮ ಕತ್ತಲ ವರ್ಷ ಎಂದು ಕರೆದಿದ್ದಾರೆ. 1928ರಲ್ಲಿ ಹಾರ್ವರ್ಡಿಗೆ ಮನಶ್ಶಾಸ್ತ್ರ ಓದಲು ಹೋದರು.

ಆಮೇಲಿನದು ಬಯೋಡಾಟಾ ಮೆಚ್ಚುವ ಕತೆ. 1931ರಲ್ಲಿ ಡಾಕ್ಟರೇಟ್, 1936ರಿಂದ ಮಿನೆಸೊಟಾ, 1945ರಿಂದ ಇಂಡಿಯಾನಾದಲ್ಲಿ ವಿಭಾಗದ ಮುಖ್ಯಸ್ಥ, 1948ರಲ್ಲಿ ಹಾರ್ವರ್ಡಿಗೆ ವಾಪಸ್, 1974ರಲ್ಲಿ ನಿವೃತ್ತಿ. ಆದರೆ ಒಳಗಿದ್ದ ಕತೆಗಾರ ಸಾಯಲಿಲ್ಲ. 1948ರಲ್ಲಿಯೇ ‘ವಾಲ್ಡನ್ ಟೂ’ ಎಂಬ ಕಾದಂಬರಿ ಬಂತು, ಅವರ ಸಿದ್ಧಾಂತದ ಮೇಲೆ ನಡೆಯುವ ಒಂದು ಸುಖೀ ಸಮುದಾಯದ ಕಲ್ಪನೆ. ಕಾದಂಬರಿಯಾಗಿ ಅದು ಸಪ್ಪೆ. ಪಾತ್ರಗಳು ಬರುತ್ತವೆ, ವಾದ ಮಾಡುತ್ತವೆ, ಹೋಗುತ್ತವೆ. ಯಾರೂ ರಾತ್ರಿ ನಿದ್ದೆಗೆಟ್ಟು ಹೊರಳಾಡುವುದಿಲ್ಲ. ಆತ್ಮಕತೆಯಲ್ಲಿಯೂ ಇದೇ ಗುಣ, ಆದರೆ ಅಲ್ಲಿ ಅದು ಸಪ್ಪೆಯಾಗುವುದಿಲ್ಲ, ಬೇರೆ ಏನೋ ಆಗುತ್ತದೆ. ಒಂದು ಸಾವು ಬಂದರೂ ಒಂದು ಪ್ರೇಮ ಮುರಿದರೂ ಅವರು ಕಂಡದ್ದನ್ನು, ಮಾಡಿದ್ದನ್ನು ಹೇಳಿ ಮುಂದೆ ಹೋಗುತ್ತಾರೆ, ಅನಿಸಿದ್ದನ್ನು ಹೇಳುವುದಿಲ್ಲ. ತನ್ನ ಸಿದ್ಧಾಂತ ನಿಜವಾದರೆ ತಾನು ಬರೆದದ್ದು ‘ವ್ಯಕ್ತಿಯೇ ಅಲ್ಲದವನ’ ಆತ್ಮಕತೆ ಎಂಬ ಅರ್ಥದ ಮಾತನ್ನೂ ಅವರೇ ಆಡಿದ್ದಾರೆ. ನಾವು ಈ ಪ್ರಾಮಾಣಿಕತೆಗೆ ತಲೆಬಾಗುತ್ತೇವೆ. ಎಲ್ಲ ಪ್ರೊಫೆಸರರ ಬಯೋಡಾಟಾಗಳೂ ವ್ಯಕ್ತಿಯಿಲ್ಲದ ಬದುಕುಗಳೇ. ಅದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ಸಾವಿರಾರು ಪುಟಗಳ ಬೆಲೆ ತೆತ್ತವರು ಸ್ಕಿನ್ನರ್ ಒಬ್ಬರೇ. ಆದರೆ ಕತೆ ಬರೆಯಲಾಗದೆ ಹೋದವನು ‘ಹೇಳಲು ಒಳಗೆ ಏನೂ ಇಲ್ಲ’ ಎಂಬುದನ್ನೇ ಒಂದು ವಿಜ್ಞಾನವಾಗಿ ಕಟ್ಟಿದನೇ ಎಂಬ ಅನುಮಾನ ನಮ್ಮನ್ನು ಬಿಡುವುದಿಲ್ಲ.

ಇನ್ನು ಸ್ಟ್ಯಾನ್ಲಿ ಮಿಲ್‌ಗ್ರಾಮ್. ಪೂರ್ವ ಯೂರೋಪಿನಿಂದ ನ್ಯೂಯಾರ್ಕಿಗೆ ವಲಸೆ ಬಂದ ಯಹೂದಿ ಕುಟುಂಬದ ಮಗ. 1960ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದು ಯೇಲ್ ವಿಶ್ವವಿದ್ಯಾಲಯ ಸೇರಿದರು. ನಾಜಿಗಳ ಕಾಲದಲ್ಲಿ ಸಾಮಾನ್ಯ ಜನ ಹೇಗೆ ಅಪ್ಪಣೆಯ ಆಳುಗಳಾದರು ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಜೆರುಸಲೇಮಿನಲ್ಲಿ ಐಕ್‌ಮನ್‌ನ ವಿಚಾರಣೆ ನಡೆದ 1961ರಲ್ಲಿಯೇ ಅವರ ಪ್ರಯೋಗ ಆರಂಭವಾಯಿತು. ನ್ಯೂ ಹೇವನ್ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು: ನೆನಪಿನ ಬಗ್ಗೆ ಅಧ್ಯಯನ, ಒಂದು ಗಂಟೆಗೆ ನಾಲ್ಕು ಡಾಲರ್, ಬಸ್ಸಿನ ಖರ್ಚಿಗೆ ಐವತ್ತು ಸೆಂಟ್. ಬಂದವರನ್ನು ‘ಶಿಕ್ಷಕ’ ಎಂದು ಕೂರಿಸಿ, ಗೋಡೆಯ ಆಚೆಗಿರುವ ‘ವಿದ್ಯಾರ್ಥಿ’ ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಶಾಕ್ ಕೊಡಲು ಹೇಳಿದರು. 15 ವೋಲ್ಟಿನಿಂದ 450ರವರೆಗೆ ಮೂವತ್ತು ಗುಂಡಿಗಳು. ಶಾಕ್ ಸುಳ್ಳು, ಆಚೆ ಕೂತವನು ನಟ. ಇದು ಬಂದವರಿಗೆ ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಗಂಡಸರ ಪೈಕಿ 26 ಮಂದಿ ಕೊನೆಯ ಗುಂಡಿಯವರೆಗೂ ಹೋಗಿದ್ದರು. ಬೆವರಿದರು, ನಡುಗಿದರು, ಬೇಡವೆಂದರು. ಆದರೂ ‘ಮುಂದುವರಿಸಿ’ ಎಂದಾಗ ಮುಂದುವರಿಸಿದರು.

ಈ ಪ್ರಯೋಗ ಮಿಲ್‌ಗ್ರಾಮ್ ಅವರನ್ನು ಜಗತ್ತಿಗೆ ಪರಿಚಯಿಸಿತು, ಹಾರ್ವರ್ಡಿನಿಂದ ಹೊರಗೂ ಹಾಕಿತು. 1963ರಲ್ಲಿ ಅವರು ಹಾರ್ವರ್ಡಿಗೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಮರಳಿದ್ದರು. 1964ರಲ್ಲಿಯೇ ಡಯಾನಾ ಬೌಮ್‌ರಿಂಡ್, ಹೀಗೆ ನಂಬಿ ಬಂದವರನ್ನು ಹಿಂಸಿಸುವುದು ಸರಿಯೇ ಎಂದು ಕಟುವಾಗಿ ಕೇಳಿದ್ದರು. ಒಳಗಿನ ಕಿರಿಯರಿಗೆ ಖಾಯಂ ಹುದ್ದೆ ಸಿಗುವುದು ಆ ವಿಶ್ವವಿದ್ಯಾಲಯದಲ್ಲಿ ಮೊದಲೇ ಅಪರೂಪ. ವಿವಾದ ಹೊತ್ತವರ ಮಾತೇನು? 1967ರಲ್ಲಿ ಟೆನ್ಯೂರ್ ನಿರಾಕರಿಸಲಾಯಿತು. ನ್ಯೂಯಾರ್ಕಿನ ಸರ್ಕಾರಿ ವಿಶ್ವವಿದ್ಯಾಲಯ ಅವರನ್ನು ನೇರವಾಗಿ ಪೂರ್ಣ ಪ್ರೊಫೆಸರ್ ಮಾಡಿಕೊಂಡಿತು. 1984ರಲ್ಲಿ 51ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು.

ಮಿಲ್‌ಗ್ರಾಮ್ ಅವರಿಗೆ ಅನ್ಯಾಯವಾಯಿತು ಎಂದು ಬರೆಯುವುದು ಸುಲಭ. ಹಲವರು ಬರೆದಿದ್ದಾರೆ. ಅವರ ಪ್ರಶ್ನೆ ದೊಡ್ಡದು, ಅದನ್ನು ಕೇಳುವ ಧೈರ್ಯ ಅವರಿಗಿತ್ತು, ಇವೆರಡನ್ನೂ ನಾವು ಒಪ್ಪುತ್ತೇವೆ. ಗಲಭೆಗಳಲ್ಲಿ ‘ಮೇಲಿನಿಂದ ಹೇಳಿದರು, ಮಾಡಿದೆವು’ ಎನ್ನುವವರ ಹೇಳಿಕೆಗಳನ್ನು ಪತ್ರಿಕೆಗಳಲ್ಲಿ ಓದುವ ನಮ್ಮ ನಾಡಿಗೆ ಆ ಪ್ರಶ್ನೆ ಅಪರಿಚಿತವೂ ಅಲ್ಲ. ಆದರೆ ಗುಂಡಿ ಒತ್ತಿದವನಿಗೆ ಏನಾಯಿತು? ಅವನ ಹೆಸರು ಪ್ರಬಂಧದಲ್ಲಿಲ್ಲ, ಅವನು ಒಂದು ಸಂಖ್ಯೆ. ಆಸ್ಟ್ರೇಲಿಯಾದ ಲೇಖಕಿ ಜೀನಾ ಪೆರಿ ಯೇಲ್‌ನ ಪತ್ರಾಗಾರದಲ್ಲಿನ ಕಾಗದಗಳನ್ನೂ ಧ್ವನಿಮುದ್ರಣಗಳನ್ನೂ ಜಾಲಾಡಿ, ಬದುಕಿದ್ದ ಕೆಲವರನ್ನು ಕಂಡು ಮಾತಾಡಿಸಿ ಒಂದು ಪುಸ್ತಕ ಬರೆದಿದ್ದಾರೆ. ಪ್ರಯೋಗ ಮುಗಿದ ಕೂಡಲೆ ನಿಜ ಸಂಗತಿ ತಿಳಿಸಿ ಸಮಾಧಾನ ಮಾಡಿ ಕಳುಹಿಸಲಾಯಿತು ಎಂಬುದು ಹಲವರ ಪಾಲಿಗೆ ನಿಜವಲ್ಲ ಎಂದು ಅದರಿಂದ ತಿಳಿಯುತ್ತದೆ. ಶಾಕ್ ಸುಳ್ಳಾಗಿತ್ತು ಎಂಬುದು ಅವರಿಗೆ ಪೂರ್ತಿಯಾಗಿ ಗೊತ್ತಾದದ್ದು ತಿಂಗಳುಗಳ ನಂತರ ಅಂಚೆಯಲ್ಲಿ ಬಂದ ವರದಿಯಿಂದ. ಅಷ್ಟು ದಿನ ತಾನು ಒಬ್ಬ ಮನುಷ್ಯನಿಗೆ ಏನು ಮಾಡಿದೆನೋ ಎಂಬ ಅಂಜಿಕೆಯನ್ನು ಹೊತ್ತು, ಅದೇ ಊರಿನಲ್ಲಿ ಕೆಲಸಕ್ಕೆ ಹೋಗಿ, ಮನೆಗೆ ಬಂದು ಹೆಂಡತಿಯ ಎದುರು ಊಟಕ್ಕೆ ಕೂತ ಆ ಮನುಷ್ಯ, ಕತೆಗಾರರಿಗೆ ಮಿಲ್‌ಗ್ರಾಮ್ ಅವರಿಗಿಂತ ಹೆಚ್ಚು ಕಾಡುವ ಪಾತ್ರ. ಟೆನ್ಯೂರ್ ಸಮಿತಿಯಲ್ಲಿ ಚರ್ಚೆಯಾದದ್ದು ಪ್ರೊಫೆಸರರ ಭವಿಷ್ಯ ಮಾತ್ರ. ನಾಲ್ಕೂವರೆ ಡಾಲರಿಗೆ ಬಂದವನದ್ದಲ್ಲ.

ಇದೇ ವಿಭಾಗದಿಂದ ಹೊರಬಿದ್ದ ಇನ್ನಿಬ್ಬರ ಹೆಸರು ನಮ್ಮವರಿಗೆ ಹೆಚ್ಚು ಪರಿಚಿತ. ತಿಮೊತಿ ಲಿಯರಿ ಮತ್ತು ರಿಚರ್ಡ್ ಆಲ್ಪರ್ಟ್ ಮತ್ತು ತರಿಸುವ ಅಣಬೆಯ ಸತ್ವವನ್ನು ಸಂಶೋಧನೆಯ ಹೆಸರಿನಲ್ಲಿ ಹಂಚಿ 1963ರಲ್ಲಿ ಕೆಲಸ ಕಳೆದುಕೊಂಡರು. ಆಲ್ಪರ್ಟ್ 1967ರಲ್ಲಿ ಭಾರತಕ್ಕೆ ಬಂದು ಕುಮಾವೂಂ ಬೆಟ್ಟಗಳಲ್ಲಿ ನೀಮ್ ಕರೋಲಿ ಬಾಬಾ ಅವರ ಶಿಷ್ಯರಾಗಿ ರಾಮ್ ದಾಸ್ ಆದರು. ಹಾರ್ವರ್ಡಿನ ದಿನಗಳಲ್ಲಿ ತನ್ನ ಬಳಿ ಮರ್ಸಿಡಿಸ್ ಕಾರು, ಮೋಟರ್‌ಸೈಕಲ್, ಪುಟ್ಟ ವಿಮಾನ, ಹಾಯಿದೋಣಿ ಇತ್ತು, ಆದರೂ ಏನೋ ಕಳೆದುಕೊಂಡಂತಿತ್ತು ಎಂದು ಅವರು ಬರೆದಿದ್ದಾರೆ. ಇದನ್ನು ದೊಡ್ಡ ತ್ಯಾಗದ ಕತೆಯಾಗಿ ಹಾಡಿ ಹೊಗಳುವವರಿದ್ದಾರೆ. ವಿಮಾನ ಇದ್ದವನು ವಿಮಾನ ಬಿಡುವುದು ಬಿಡುವುದೇ. ಆದರೆ ಇವರು ಏಣಿಯಿಂದ ತಾವೇ ಇಳಿದದ್ದಲ್ಲ, ಇಳಿಸಿದ ಮೇಲೆ ಬೆಟ್ಟ ಹತ್ತಿದ್ದು.

ನಮ್ಮ ಕಾಲಕ್ಕೆ ಹತ್ತಿರದ ಪ್ರಕರಣ ಮಾರ್ಕ್ ಹೌಸರ್ ಅವರದು. ಟೆನ್ಯೂರ್ ಇತ್ತು, ಹೆಸರಿತ್ತು. ಕೋತಿಗಳ ಬುದ್ಧಿಯ ಕುರಿತ ಸಂಶೋಧನೆ; 2006ರಲ್ಲಿ ಮನುಷ್ಯನಿಗೆ ನೀತಿಪ್ರಜ್ಞೆ ಹುಟ್ಟಿನಿಂದಲೇ ಬರುತ್ತದೆ ಎಂದು ವಾದಿಸುವ ಜನಪ್ರಿಯ ಪುಸ್ತಕ. ಅವರ ಪ್ರಯೋಗಾಲಯದಲ್ಲಿಯೇ ಕೆಲಸ ಮಾಡುತ್ತಿದ್ದ ಕಿರಿಯ ಸಂಶೋಧಕರಿಗೆ ಲೆಕ್ಕಗಳಲ್ಲಿ ಅನುಮಾನ ಬಂತು. ವಿಡಿಯೋದಲ್ಲಿ ಕೋತಿ ಮಾಡಿದ್ದೇ ಬೇರೆ, ಗುರುಗಳು ಬರೆದುಕೊಂಡದ್ದೇ ಬೇರೆ. ಅವರು ದೂರು ಕೊಟ್ಟರು. 2010ರಲ್ಲಿ ಹಾರ್ವರ್ಡ್ ಎಂಟು ಪ್ರಸಂಗಗಳಲ್ಲಿ ಅವರನ್ನು ತಪ್ಪಿತಸ್ಥರೆಂದು ಹೇಳಿತು. 2011ರಲ್ಲಿ ಅವರು ರಾಜೀನಾಮೆ ಕೊಟ್ಟರು. ಮರುವರ್ಷ ಸರ್ಕಾರದ ತನಿಖಾ ಕಚೇರಿಯೂ ಅದನ್ನೇ ಹೇಳಿತು. ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ನೀತಿಯ ಬಗ್ಗೆ ಪುಸ್ತಕ ಬರೆದವರು ಎಂದು ವ್ಯಂಗ್ಯ ಮಾಡುವುದು ಅಗ್ಗದ ಕೆಲಸ. ನಮ್ಮ ಕಣ್ಣು ಆ ಕಿರಿಯರ ಮೇಲಿದೆ. ಡಾಕ್ಟರೇಟ್ ಕೈಗೆ ಬರಬೇಕು, ಗೈಡ್ ಬರೆದುಕೊಡುವ ಒಂದು ಶಿಫಾರಸು ಪತ್ರದ ಮೇಲೆ ಮುಂದಿನ ಬದುಕು ನಿಂತಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗೈಡಿನ ಮನೆಯ ತರಕಾರಿ ತಂದುಕೊಟ್ಟ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಅಂಜಿಕೆಯ ತೂಕ ಗೊತ್ತು. ಅಂಥವರು ಬಾಯಿ ತೆರೆದದ್ದರಿಂದ ವಿಜ್ಞಾನ ಉಳಿಯಿತು. ಗುರುವಿನ ಸುಳ್ಳು ಹಿಡಿದದ್ದಕ್ಕೆ ಯಾವ ಬಯೋಡಾಟಾದಲ್ಲಿಯೂ ಜಾಗವಿಲ್ಲ.

ಇದು ಒಬ್ಬರ ದುರ್ಗುಣದ ಮಾತೂ ಅಲ್ಲ. 2015ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಹೆಸರಾಂತ ಪತ್ರಿಕೆಗಳಲ್ಲಿ ಬಂದ 100 ಮನಶ್ಶಾಸ್ತ್ರ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ 97 ಶೇಕಡಾ ಅಧ್ಯಯನಗಳು ಗಣನೀಯ ಫಲಿತಾಂಶ ತೋರಿಸಿದ್ದವು, ಮರುಪ್ರಯೋಗದಲ್ಲಿ ಶೇ. 36 ಮಾತ್ರ. ಎಲ್ಲರೂ ಮೋಸಗಾರರೇ? ಖಂಡಿತ ಅಲ್ಲ. ಪತ್ರಿಕೆಗಳಿಗೆ ಹೊಸದು, ಚಮತ್ಕಾರದ್ದು ಬೇಕು. ‘ಹುಡುಕಿದೆವು, ಏನೂ ಸಿಗಲಿಲ್ಲ’ ಎಂಬುದನ್ನು ಯಾರೂ ಅಚ್ಚುಹಾಕುವುದಿಲ್ಲ. ಏಳು ವರ್ಷದೊಳಗೆ ಪಟ್ಟಿ ಉದ್ದವಾಗಬೇಕು. ಹಾಗಾಗಿ ಸಣ್ಣ ಗುಂಪಿನ ಮೇಲೆ ಪ್ರಯೋಗ ಮಾಡಿ, ಅಂಕಿಗಳನ್ನು ಹತ್ತು ದಿಕ್ಕಿನಿಂದ ತಿರುವಿ, ಸರಿ ಕಂಡದ್ದನ್ನು ಮಾತ್ರ ಕಳುಹಿಸುವುದು ರೂಢಿಯಾಯಿತು. ಪಾರಿವಾಳಕ್ಕೆ ಕಾಳು ಹಾಕಿ ಬೇಕಾದ ನಡತೆ ಕಲಿಸಬಹುದು ಎಂದು ಸ್ಕಿನ್ನರ್ ತೋರಿಸಿದ್ದರು. ಪ್ರೊಫೆಸರರಿಗೂ ಅದು ಅನ್ವಯಿಸುತ್ತದೆ ಎಂದು ಈ ಅಧ್ಯಯನ ತೋರಿಸಿತು.

ಇಂದು ಅದೇ ವಿಭಾಗದ ಹೆಸರಾಂತ ಪ್ರೊಫೆಸರ್ ಒಬ್ಬರು ನಮ್ಮ ನೆರೆಯವರು. ಮಹಜರೀನ್ ಬಾನಾಜಿ 1956ರಲ್ಲಿ ಸಿಕಂದರಾಬಾದಿನ ಪಾರ್ಸಿ ಕುಟುಂಬದಲ್ಲಿ ಹುಟ್ಟಿದವರು. ನಿಜಾಮ್ ಕಾಲೇಜಿನಲ್ಲಿಯೂ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಓದಿದರು. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ಕೊಡಲೆಂದು ಹುಟ್ಟಿದ ಉಸ್ಮಾನಿಯಾ ಅವರ ಕಾಲಕ್ಕೆ ಇಂಗ್ಲಿಷಿಗೆ ತಿರುಗಿತ್ತು. ಆ ದುಃಖ ನಮಗಿದೆ, ಇನ್ನೊಮ್ಮೆ ಬರೆಯೋಣ. ಒಮ್ಮೆ ರೈಲಿನಲ್ಲಿ ಊರಿಗೆ ಮರಳುವಾಗ ನಿಲ್ದಾಣವೊಂದರಲ್ಲಿ ಸಾಮಾಜಿಕ ಮನಶ್ಶಾಸ್ತ್ರದ ಐದು ಸಂಪುಟಗಳ ಕೈಪಿಡಿಯನ್ನು ಅಗ್ಗದ ಬೆಲೆಗೆ ಕೊಂಡು ಓದತೊಡಗಿದೆ, ಅಲ್ಲಿಂದ ದಾರಿ ತಿರುಗಿತು ಎಂದು ಅವರು ಹೇಳಿಕೊಂಡಿದ್ದಾರೆ. 1986ರಲ್ಲಿ ಒಹಾಯೊದಲ್ಲಿ ಡಾಕ್ಟರೇಟ್, ಆಮೇಲೆ ಯೇಲ್, 2002ರಿಂದ ಹಾರ್ವರ್ಡ್. ಕಾಲ್ಕಿನ್ಸ್ ಅವರಿಗೆ ಪದವಿ ಕೊಡದ ಅಂಗಳದಲ್ಲಿ ಹೈದರಾಬಾದಿನ ಕಡೆಯ ಹೆಣ್ಣುಮಗಳು ಪೀಠದ ಪ್ರೊಫೆಸರ್.

ನಮಗೆ ಅದಕ್ಕಿಂತ ಮುಖ್ಯವಾದದ್ದು ಅವರ ಕೆಲಸದ ರೀತಿ. ಗುರು ಗ್ರೀನ್‌ವಾಲ್ಡ್ ಅವರೊಂದಿಗೆ ಅವರು ಬೆಳೆಸಿದ ಪರೀಕ್ಷೆಯೊಂದಿದೆ. ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಅದನ್ನು ಮೊದಲು ಪ್ರಕಟಿಸಿದ್ದು 1998ರಲ್ಲಿ. ಪರದೆಯ ಮೇಲೆ ಮುಖಗಳು, ಹೆಸರುಗಳು, ಒಳ್ಳೆಯ ಮತ್ತು ಕೆಟ್ಟ ಪದಗಳು ಬರುತ್ತವೆ. ಯಾವುದನ್ನು ಯಾವುದರ ಜೊತೆ ಎಷ್ಟು ಬೇಗ ಜೋಡಿಸುತ್ತೀರಿ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಬಾಯಿಯಲ್ಲಿ ಸಮಾನತೆ ಹೇಳುವವನ ಬೆರಳು ತಡವರಿಸುತ್ತದೆ. ಹೆಸರು ಕೇಳುವವರೆಗೆ ಮನೆ ಖಾಲಿಯಿದ್ದು, ಹೆಸರು ಕೇಳಿದ ಮೇಲೆ ‘ನಿನ್ನೆಯೇ ಬೇರೆಯವರಿಗೆ ಕೊಟ್ಟಾಯಿತಲ್ಲ’ ಎನ್ನುವವರನ್ನು ಕಂಡಿರುವ ನಮಗೆ ಈ ತಡವರಿಕೆ ಹೊಸದಲ್ಲ. ಆ ಮನೆಯ ಯಜಮಾನರು ಕೆಟ್ಟವರೇನಲ್ಲ, ಚಹಾ ಕೊಟ್ಟೇ ಕಳುಹಿಸುತ್ತಾರೆ. ಈ ಪರೀಕ್ಷೆಯ ಮೇಲೆ ಆಕ್ಷೇಪಗಳೂ ಬಲವಾಗಿವೆ: ಒಬ್ಬನೇ ಮನುಷ್ಯ ಎರಡು ಸಲ ಕೂತರೆ ಎರಡು ಫಲಿತಾಂಶ ಬರಬಹುದು, ಪರೀಕ್ಷೆಯಲ್ಲಿ ಕಂಡದ್ದು ನಡತೆಯಲ್ಲಿ ಕಾಣುತ್ತದೆ ಎಂಬುದಕ್ಕೆ ಆಧಾರ ತೆಳುವು. ಒಬ್ಬೊಬ್ಬ ವ್ಯಕ್ತಿಗೆ ಹಣೆಪಟ್ಟಿ ಹಚ್ಚಲು ಅದನ್ನು ಬಳಸಬಾರದು ಎಂಬ ಮಾತು ಸರಿಯಾಗಿಯೇ ಇದೆ.

ಆದರೆ ಬಾನಾಜಿ ಒಂದು ಸಂಗತಿಯನ್ನು ಸಭೆಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ತಾವೇ ಆ ಪರೀಕ್ಷೆಗೆ ಕೂತಾಗ, ಕಪ್ಪು ಮುಖಗಳಿಗಿಂತ ಬಿಳಿ ಮುಖಗಳನ್ನು ಒಳ್ಳೆಯದರ ಜೊತೆ ಬೇಗ ಜೋಡಿಸಿದ್ದರು. ಮೊದಲು ಪರೀಕ್ಷೆಯಲ್ಲಿಯೇ ದೋಷವಿರಬೇಕು ಎಂದುಕೊಂಡರಂತೆ. ಮತ್ತೆ ಕೂತರು. ಮತ್ತೆ ಅದೇ ಬಂತು.